ಆಲೂಗಡ್ಡೆ ಮಡಿಯಲ್ಲಿ ಸಿಕ್ಕಿದ್ದು

ಮಧ್ಯಾಹ್ನದ ಸೂಪಿಗೆಂದು ಓಡೀಲ್ ಬೆಳಿಗ್ಗೆಯೇ ಹಿತ್ತಿಲಲ್ಲಿ ಆಲೂಗಡ್ಡೆ ಅಗೆಯುತ್ತಿದ್ದಳು. ಗುದ್ದಲಿ ಠಣ್ ಎಂದಿತು. ಮಣ್ಣಿನೊಳಗಿಂದ ತುಕ್ಕು ಹಿಡಿದ ಕಬ್ಬಿಣದ ಮೂತಿಯೊಂದು ಇಣುಕಿತು. ಅವಳು ಗುದ್ದಲಿಯನ್ನು ಮೆಲ್ಲಗೆ ಕೆಳಗಿಟ್ಟಳು.

ಫ್ರಾನ್ಸಿನ ಆ ಪುಟ್ಟ ಹಳ್ಳಿ ಕೂತಿರುವುದೇ ಹಳೆಯ ರಣರಂಗದ ಮೇಲೆ. ನೂರು ವರ್ಷದ ಹಿಂದೆ ಎದುರಿನ ದಿಬ್ಬದಿಂದ ಸುರಿದ ಫಿರಂಗಿ ಗುಂಡುಗಳಲ್ಲಿ ಸಿಡಿಯದೆ ಉಳಿದವನ್ನು ನೆಲ ಇನ್ನೂ ಒಂದೊಂದಾಗಿ ಮೇಲಕ್ಕೆ ನೂಕುತ್ತಲೇ ಇದೆ.

"ಅಮ್ಮಾ..." ಎಂದಳು ಬೇಲಿಯ ಬಳಿಯಿದ್ದ ಮಗಳು ಅನಾಯಿಸ್.

"ಅಲ್ಲೇ ನಿಲ್ಲು ಕಂದಾ, ಅಲ್ಲಾಡಬೇಡ."

ಪಕ್ಕದ ಮನೆಯ ಮುದುಕ ಗಾಸ್ಪಾರ್ ಬೇಲಿಯಾಚೆಯಿಂದ ನೋಡಿದ. "ಮುಟ್ಟಬೇಡ ತಾಯಿ! ನಮ್ಮಪ್ಪ ಇಂಥದ್ದನ್ನೇ ತಂದು ಬಾಗಿಲಿಗೆ ಅಡ್ಡ ಇಟ್ಟಿದ್ದ. ಅದು ಸಿಡಿದಾಗ ಅವನೇನೋ ಮನೇಲಿರಲಿಲ್ಲ. ಪಾಪ, ಬಾಗಿಲು ಇತ್ತು."

"ಅಮ್ಮಾ, ಒಂದು ಕೇಳಲಾ?"

"ಆಮೇಲೆ ಕೇಳು, ಬಂಗಾರ."

"ಮಗೂನ ಕರ್ಕೊಂಡು ಮುಂದಿನ ಕೋಣೆಗೆ ಹೋಗು," ಎಂದ ಗಾಸ್ಪಾರ್. "ಆ ಕಲ್ಲಿನ ಗೋಡೆ ದಾಟಿ ಏನೂ ಬರೋದಿಲ್ಲ. ಬಾಂಬು ತೆಗೆಯೋರಿಗೆ ನಾನು ಫೋನ್ ಮಾಡ್ತೀನಿ."

ಓಡೀಲ್ ಮೆಲ್ಲಗೆ ಹಿಂದೆ ಸರಿದು, ಮಗಳನ್ನು ಬಾಚಿಕೊಂಡು ಒಳಗೆ ಓಡಿದಳು. ಕೋಣೆಯಲ್ಲಿ ಎಳೆ ಮಗ ನಿದ್ದೆಯಲ್ಲಿದ್ದ. ಅವಳು ತೊಟ್ಟಿಲ ಪಕ್ಕ ಕುಳಿತು, ಕಾಲಿನಿಂದ ತೊಟ್ಟಿಲು ತೂಗತೊಡಗಿದಳು.

"ಇನ್ನು ಭಯವಿಲ್ಲ. ಅವರು ಬಂದು ಅದನ್ನ ತಗೊಂಡು ಹೋಗ್ತಾರೆ. ಈಗ ಹೇಳು, ಏನು ಕೇಳ್ಬೇಕಿತ್ತು?"

ಅನಾಯಿಸ್ ಅಮ್ಮನ ಮೊಣಕಾಲಿಗೆ ಒರಗಿದಳು.

"ನಿನ್ನೆ ನನಗೆ ಅಲ್ಲೇ ಇಂಥದ್ದೇ ಒಂದು ಪುಟ್ಟದು ಸಿಕ್ಕಿತ್ತು, ಅದನ್ನೂ ತಗೊಂಡು ಹೋಗ್ತಾರಾ ಅಮ್ಮಾ, ಪಾಪು ತೊಟ್ಟಿಲ ಹಾಸಿಗೆ ಕೆಳಗೆ ಬಚ್ಚಿಟ್ಟಿರೋದನ್ನ?"