ಒಂದು ಚಿಟಿಕೆ ಜೀರಿಗೆ

"ಒಗ್ಗರಣಿಗೆ ಜೀರಗಿ ಎಷ್ಟ ಹಾಕೀರಿ, ಅತ್ತಿ?" ಊಟಕ್ಕೆ ಕುಳಿತ ಸಪ್ನಾ ಮೊಬೈಲಿನಿಂದ ತಲೆ ಎತ್ತದೆ ಕೇಳಿದಳು. ರೊಟ್ಟಿ, ಬದನೆಕಾಯಿ ಪಲ್ಯದ ಕ್ಯಾಲೊರಿ ಆಗಲೇ ಬರೆದಾಗಿತ್ತು.

"ಒಂದ ಚಿಟಿಕಿ. ಅದನ್ನೂ ಬರೀತಿ ಏನವಾ?" ದೇವಕ್ಕನಿಗೆ ನಗು ಬಂತು.

"ನಗಬ್ಯಾಡ್ರಿ! ಎರಡ ತಿಂಗಳಾತು, ಅರ್ಧಾ ಕಿಲೋನೂ ಇಳದಿಲ್ಲ. ಈ ಮಸಾಲಿನ ನನ್ನ ಹಾಳ ಮಾಡಾಕತ್ತೈತಿ," ಎಂದು ಸಿಡುಕಿ ಜೀರಿಗೆಯನ್ನೂ ಬರೆದಳು.

ದೇವಕ್ಕ ಎಂದಿನಂತೆ ಸೊಸೆಯ ತಟ್ಟೆಗೆ ಒಂದು ಹಿಡಿ ಶೇಂಗಾ ಚಟ್ನಿಪುಡಿ ಹಾಕಿ, ನಡುವೆ ಬೆರಳಿನಿಂದ ಕುಳಿ ಮಾಡಿ, ತುಂಬ ಕುಸುಬಿ ಎಣ್ಣೆ ಹೊಯ್ದರು. ಸಪ್ನಾ ರೊಟ್ಟಿ ಮುರಿದು ಅದ್ದಿದಳು.

"ಇದನ್ನ ಏನಂತ ಬರೀತಿ?"

"ಚಟ್ನೀನ ಏನ ಬರಿಯೂದ್ರಿ, ಬರೇ ಬಾಯಿರುಚಿಗೆ..." ತುತ್ತಿನಿಂದ ಜಾರಿದ ಎಣ್ಣೆ ಮೊಬೈಲಿನ ಮೇಲೆ ಬಿದ್ದು, ಜೀರಿಗೆಯ ಸಾಲನ್ನು ಪೂರ್ತಿ ಮುಚ್ಚಿತು.