ಅಗ್ಗದ ಟಾರ್ಚು

ಚೆನ್ನಕೇಶವ ಟಾರ್ಚನ್ನು ಗಲ್ಲಾದ ಮೇಲೆ ಎಸೆದ. ಅದು ಉರುಳಿಕೊಂಡು ಹೋಗಿ ಸಾಹುಲ್ ಹಮೀದರ ಚಹಾದ ಗ್ಲಾಸಿಗೆ ತಾಗಿ ನಿಂತಿತು.

"ಜೀವ ತೆಗೆಯುವ ಸಾಮಾನು ಮಾರ್ತೀರಲ್ಲ ಮಾರಾಯ್ರೆ, ನಾಚಿಕೆ ಆಗುದಿಲ್ವಾ?"

ಕಡಬ ಪೇಟೆಯಲ್ಲಿ ಹಮೀದರ ಎಲೆಕ್ಟ್ರಿಕಲ್ ಅಂಗಡಿ ಹಳೆಯದು. ಗಿರಾಕಿಗಳ ಬೈಗುಳ ಅವರಿಗೆ ಹೊಸತಲ್ಲ. ಆದರೆ ಕೊಲೆಗಾರನೆಂದು ಕರೆಸಿಕೊಂಡದ್ದು ಇದೇ ಮೊದಲು. ಗ್ಲಾಸನ್ನು ಬದಿಗಿಟ್ಟು ಟಾರ್ಚನ್ನು ಕೈಗೆತ್ತಿಕೊಂಡರು. ತಮ್ಮ ಅಂಗಡಿಯದೇ. ಹೋದ ತಿಂಗಳು ಇದೇ ಮನುಷ್ಯ ಹೆಂಡತಿಯ ತಮ್ಮನನ್ನು ಕರೆದುಕೊಂಡು ಬಂದು, ಇದ್ದುದರಲ್ಲಿ ಅಗ್ಗದ್ದು ಕೊಡಿ ಎಂದು ಪ್ರಾಣ ತಿಂದು ಒಯ್ದಿದ್ದ. ಪುತ್ತೂರಿನಿಂದ ರಜೆಗೆ ಬಂದ ಮೋಕ್ಷಿತನಿಗೆ ಅಕ್ಕನ ಮನೆಯ ಎದುರಿನ ಗುಡ್ಡದಲ್ಲಿ ಟೆಂಟು ಹಾಕಿ ಮಲಗುವ ಆಸೆ.

ಮೋಕ್ಷಿತ್ ಈಗ ಇಲ್ಲ. ಗುಡ್ಡದ ನೆತ್ತಿಯ ಬಂಡೆಯ ಮೇಲೆ ಟೆಂಟು ಹಾಕಿದವನು ಕತ್ತಲಲ್ಲಿ ಜಾರಿ, ಕೆಳಗಿನ ರಬ್ಬರ್ ತೋಟದ, ಮಳೆನೀರು ಹರಿಯುವ ತೋಡಿಗೆ ಬಿದ್ದಿದ್ದ. ಕಾಲು ಮುರಿದು ರಕ್ತ ಹರಿದಿತ್ತು. ಬೆಳಿಗ್ಗೆ ರಬ್ಬರ್ ಹಾಲು ತೆಗೆಯುವ ಟ್ಯಾಪಿಂಗಿನವರು ನೋಡುವಾಗ ಮೈ ತಣ್ಣಗಾಗಿತ್ತು. ಕೈಯಲ್ಲಿ ಈ ಟಾರ್ಚಿತ್ತು, ಉರಿಯುತ್ತಿರಲಿಲ್ಲ.

ಅಂಗಡಿಯ ಮೆಟ್ಟಿಲಲ್ಲಿ ನಿಂತಿದ್ದವಳು ಚೆನ್ನಕೇಶವನ ಹೆಂಡತಿ ಕುಮುದಿನಿ. ತಮ್ಮನ ಉತ್ತರಕ್ರಿಯೆ ಮುಗಿದ ದಿನ ಗಂಡನಿಗೆ ಒಂದೇ ಮಾತು ಹೇಳಿದ್ದಳು: ನಿಮ್ಮ ಜುಗ್ಗತನ ನನ್ನ ತಮ್ಮನನ್ನು ತಿಂದಿತು. ಆಮೇಲೆ ಅವನೊಡನೆ ಮಾತೇ ಇಲ್ಲ. ಬಡಿಸುತ್ತಾಳೆ, ಬಟ್ಟೆ ಒಗೆಯುತ್ತಾಳೆ, ಬಾಯಿ ಮಾತ್ರ ತೆರೆಯುವುದಿಲ್ಲ. ಅಗ್ಗವಾದರೂ ಗಟ್ಟಿ ಎಂದು ಅಂಗಡಿಯವನು ಹೇಳಿದ್ದು ಸುಳ್ಳೆಂದು ಅವಳ ಕಣ್ಣೆದುರೇ ತೋರಿಸಬೇಕು, ತಪ್ಪು ಅವನ ತಲೆಗೆ ಹೋಗಬೇಕು, ಅವಳು ಮತ್ತೆ ಮಾತಾಡಬೇಕು. ಚೆನ್ನಕೇಶವ ಬಂದದ್ದು ಅಷ್ಟಕ್ಕೇ.

ಹಮೀದರು ಹಿಂಬದಿ ತಿರುಗಿಸಿ ಸೆಲ್ಲುಗಳನ್ನು ತೆಗೆದು ನೋಡಿದರು. ಪೂರ್ತಿ ಖಾಲಿ.

"ಹೊಸ ಸೆಲ್ ನೀವೇ ಹಾಕಿ ಕೊಟ್ಟದ್ದು. ಒಂದು ರಾತ್ರಿ ಬರ್ಲಿಲ್ಲ. ಇದಕ್ಕಿಂತ ಹೆಚ್ಚು ಎಂತ ಸಾಕ್ಷಿ ಬೇಕು ನಿಮಗೆ?"

ಹಮೀದರು ಬೇರೆ ಸೆಲ್ ಹಾಕಿ ಟಾರ್ಚನ್ನು ಅವನ ಮುಂದೆ ತಳ್ಳಿದರು. ನಿಮಗೆ ಬೇಕಾದ ಹಾಗೆ ಪರೀಕ್ಷೆ ಮಾಡಿಕೊಳ್ಳಿ ಎಂದರು.

ಚೆನ್ನಕೇಶವ ಮಾಡಿಯೇ ಮಾಡಿದ. ಮೆಟ್ಟಿಲ ಮೇಲಿಂದ ಕಾಂಕ್ರೀಟಿಗೆ ಬೀಳಿಸಿದ. ಉರಿಯಿತು. ಬಕೆಟಿನ ನೀರಲ್ಲಿ ಮುಳುಗಿಸಿ ಹಿಡಿದ. ನೀರಿನೊಳಗೇ ಉರಿಯಿತು. ಸ್ವಿಚ್ಚನ್ನು ಹಿಂದೆ ಮುಂದೆ ತಳ್ಳಿ, ಅವನ ಊರಿನಲ್ಲಿ ಆನೆ ಕಂಡವರು ದೂರದ ಮನೆಗಳಿಗೆ ತಿಳಿಸುವ ಹಾಗೆ, ಹೊತ್ತಿಸಿ ಆರಿಸಿ ಹೊತ್ತಿಸಿ ಆರಿಸಿ ನೋಡಿದ. ಸ್ವಿಚ್ಚು ಸೋಲಲಿಲ್ಲ. ಹಮೀದರು ಶಟರನ್ನು ಮುಕ್ಕಾಲು ಎಳೆದು ಕತ್ತಲು ಮಾಡಿದರೆ ಬೆಳಕು ಹಿಂದಿನ ಗೋದಾಮಿನ ಕೊನೆಯ ಗೋಡೆಗೆ ಹೋಗಿ ಬಿತ್ತು. ದರಿದ್ರದ ಟಾರ್ಚು ಕೆಡಲೇ ಇಲ್ಲ.

ಬೆಳಕು ಬಂದಷ್ಟೂ ಅವನ ಮುಖ ಕಪ್ಪಿಟ್ಟಿತು. ಆ ದಿನ ಮಾತ್ರ ಕೈಕೊಟ್ಟಿದೆ, ಹಾಳು ಮಾಲು ಹಾಗೆಯೇ ಎಂದು ಕಿರುಚಿದ.

ಹಮೀದರಿಗೂ ಸಿಟ್ಟು ನೆತ್ತಿಗೇರಿತು.

"ಟಾರ್ಚಿನಲ್ಲಿ ಬೆಳಕು ಉಂಟು ಗೌಡ್ರೆ. ಮನೆಯಲ್ಲಿ ನೋಡುವವರು ಇದ್ರಾ ಇಲ್ವಾ, ಅದನ್ನು ಹೇಳಿ."

ಚೆನ್ನಕೇಶವ ಉರಿದುಬಿದ್ದ. ನೋಡದೆ ಏನು? ಏನಾದರೂ ಆದರೆ ಮನೆಯ ಕಡೆ ಟಾರ್ಚು ಹಾಕು ಎಂದು ತಾನೇ ಹೇಳಿ ಕಳಿಸಿದ್ದ. ಜಗಲಿಯಲ್ಲಿ ಕೂತು ಬಂಡೆಯನ್ನೇ ನೋಡುತ್ತಿದ್ದ. ಬಂಡೆಯಿಂದ ಒಂದು ಹನಿ ಬೆಳಕು ಬರಲಿಲ್ಲ. ಅದರ ಮೇಲೆ ಆನೆಯ ಕಾಟ ಬೇರೆ. ಫೋನು ಸಿಗದ ಊರು. ಕೆಳಗಿನ ರಬ್ಬರ್ ತೋಟದಿಂದ ಯಾರೋ ಆನೆಯ ಸನ್ನೆ ಮಾಡಿದರು. ಸನ್ನೆ ಕಂಡರೆ ಯಾರೂ ಅಂಗಳಕ್ಕಿಳಿಯಬಾರದು, ಅದು ಅಲ್ಲಿನ ಕಟ್ಟಳೆ. ತಮ್ಮನನ್ನು ಕರೆದು ತರುವ ಎಂದು ಕುಮುದಿನಿ ಹೊರಟಿದ್ದಳು. ಆನೆ ಬಂಡೆ ಹತ್ತುವುದಿಲ್ಲ, ಅವನು ಅಲ್ಲಿಯೇ ಕ್ಷೇಮ ಎಂದು ಅವಳನ್ನು ಒಳಗೆಳೆದು ಬಾಗಿಲು ಹಾಕಿದ್ದು ತಾನೇ. ಪುಣ್ಯಕ್ಕೆ ಆನೆ ಯಾರ ತೋಟದಲ್ಲೂ ಒಂದು ಬಾಳೆ ಕೂಡ ಮುರಿಯದೆ ಹೋಗಿತ್ತು.

"ಇಷ್ಟೆಲ್ಲ ಮಾಡಿದವ ನಾನು. ನಿಮ್ಮ ಟಾರ್ಚು ಎಂತ ಮಾಡಿತು?"

ಹಮೀದರು ಟಾರ್ಚನ್ನು ಅವನ ಕೈಯಿಂದ ಕಿತ್ತುಕೊಂಡರು. ಇನ್ನೊಂದು ಮೋಡು ಉಂಟು, ಅದನ್ನೂ ನೋಡಿಯೇ ಹೋಗಿ, ಮತ್ತೆ ನನ್ನ ಬಾಗಿಲಿಗೆ ಬರುವುದು ಬೇಡ ಎಂದರು. ಎರಡು ಮೋಡು ಎಂದು ಪೆಟ್ಟಿಗೆಯ ಮೇಲೆ ಬರೆದದ್ದನ್ನು ಚೆನ್ನಕೇಶವ ಓದಿದ್ದ. ಎರಡನೆಯದು ಸೆಲ್ ಉಳಿಸುವ ಮಂದ ಬೆಳಕೆಂದುಕೊಂಡು ಅತ್ತ ತಲೆ ಹಾಕಿರಲಿಲ್ಲ.

ಹಮೀದರು ಬುಡದ ರಬ್ಬರ್ ಮುಚ್ಚಳ ಸರಿಸಿ ಕೆಂಪು ಗುಂಡಿ ಒತ್ತಿ, ಟಾರ್ಚನ್ನು ಗಲ್ಲಾದ ಮೇಲೆ ಇಟ್ಟು ಕೈ ತೆಗೆದರು. ಗೋದಾಮಿನ ಗೋಡೆಯ ಮೇಲೆ ಬೆಳಕು ಹೊತ್ತಿತು, ಆರಿತು. ಹೊತ್ತಿತು, ಆರಿತು.

"ಟಾರ್ಚು ತಕೊಂಡ ದಿನ ನೀವು ಬೈಕಿನ ಹತ್ರ ಹೋಗಿದ್ರಿ. ಅವನು ಕೇಳಿ ಕಲಿತುಕೊಂಡ. ಇದು ಆಪತ್ತಿಗೆ. ಒಮ್ಮೆ ಒತ್ತಿದ್ರೆ ಸಾಕು, ಕೈ ಸೋತ್ರೂ ತಾನೇ ಮಿನುಗ್ತದೆ. ದೂರ ಇದ್ದವರಿಗೆ ಬನ್ನಿ ಅಂತ."

ಕುಮುದಿನಿ ಮೆಟ್ಟಿಲು ಹತ್ತಿ ಶಟರಿನಡಿ ಬಗ್ಗಿ ಒಳಗೆ ಬಂದಳು. ಕಣ್ಣು ಗೋಡೆಯ ಮೇಲಿತ್ತು. ಅವಳು ಬಾಯಿ ತೆರೆದಳು, ಗಂಡನೊಡನೆ ಅಲ್ಲ.

"ಎಷ್ಟು ಹೊತ್ತು ಮಿನುಗ್ತದೆ ಇದು?"

"ಸೆಲ್ ಮುಗಿಯುವವರೆಗೆ, ಅಮ್ಮ. ಹೊಸತಾದ್ರೆ ಬೆಳಗಿನವರೆಗೂ."

ಮೋಕ್ಷಿತ್ ಬಿದ್ದ ಆ ರಾತ್ರಿ ರಬ್ಬರ್ ತೋಟಕ್ಕೆ ಆನೆ ಬಂದೇ ಇರಲಿಲ್ಲ.