ಹೊಗೆಯೇಳದ ಊರು

ಬೆಳಗಾಗುತ್ತಲೇ ಗುಡ್ಡ ಹತ್ತಿ ಸುತ್ತಲ ಊರುಗಳ ಹೊಗೆ ನೋಡುವುದು ದಂಡಿನಲ್ಲಿ ಬರಮನ ಕೆಲಸ. ಒಲೆ ಉರಿಯದ ಊರಿನವರು ಮನೆ ಬಿಟ್ಟು ಬಂಡಾಯಗಾರರನ್ನು ಸೇರಿದ್ದಾರೆಂದೇ ಅರ್ಥ, ಅಂಥ ಊರನ್ನು ಉಳಿಸಕೂಡದು ಎಂಬುದು ಸಾಹೇಬನ ಯುದ್ಧತಂತ್ರ. ಹದಿನಾಲ್ಕು ಊರು ಹೀಗೇ ಬೂದಿಯಾಗಿದ್ದವು. ಬರಮನಿಗೆ ಈಗೀಗ ಏನೂ ಅನ್ನಿಸುತ್ತಿರಲಿಲ್ಲ.

ಅಂದು ಸಾಹೇಬ ತಾನೇ ದುರ್ಬೀನು ಹಿಡಿದು ಬಂದ.

"ಹಳ್ಳದ ಆಚೆಯ ಆ ಊರಲ್ಲಿ ಒಂದೂ ಹೊಗೆ ಇಲ್ಲ."

"ಅದು ನಮ್ಮೂರ್ರೀ ಸಾಹೇಬ್ರ. ನಮ್ಮ ಮಂದಿ ಅಂಥಾವ್ರಲ್ರೀ."

"ಹಾಗಾದರೆ ಒಲೆ ಯಾಕೆ ಹಚ್ಚಿಲ್ಲ?"

ಏಳು ವರ್ಷ ದಂಡಿನ ಅನ್ನ ಉಂಡವನಿಗೆ ಕಾರಣ ಹೊಳೆಯಲಿಲ್ಲ. ಗುಡ್ಡದ ಮೇಲಿನಿಂದಲೇ ತೋಪು ಹಾರಿದವು. ಮಧ್ಯಾಹ್ನದ ಹೊತ್ತಿಗೆ ಊರಿಗೆ ಊರೇ ಹೊಗೆಯಾಡುತ್ತಿತ್ತು. ಬರಮ ಕೈ ತೊಳೆದು ಊಟಕ್ಕೆ ಕುಳಿತ.

ಅಷ್ಟರಲ್ಲಿ ಗುಡ್ಡದ ಹಿಂಬದಿಯಿಂದ ಏದುಸಿರು ಬಿಡುತ್ತ ಅವನ ಸೋದರಮಾವ ಬಂದ.

"ನಿನ್ನಿಯಿಂದ ನಿನ್ನ ಹುಡುಕ್ಕೋತ ಎಲ್ಲಾ ದಂಡು ತಿರುಗೀನೋ ಬರಮಾ. ನಿಮ್ಮವ್ವ ತೀರಿಕೊಂಡ್ಳು. ನೀ ಬರೂತನಕ ಹೆಣಾ ಎತ್ತಂಗಿಲ್ಲ, ಹೆಣಾ ಎತ್ತೂತನಕ ಊರಾಗ ಯಾರೂ ಒಲಿ ಹಚ್ಚಂಗಿಲ್ಲ. ಲಗೂ ನಡಿ, ಊರ ಮಂದಿಯೆಲ್ಲಾ ನಿನ್ನ ಹಾದಿ ಕಾಯಾಕತ್ತಾರ."